ಮಂಡಿ ಆಪರೇಷನ್‌ಗೆ ಇನ್ನೂ ಏಳು ವಾರ ಇದೆ, ಅಲ್ಲಿಯವರೆಗೆ ಅಮ್ಮ ಸುಮ್ನೆ ಇರಬೇಕಾ?

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಣ್ಣನ ಜೊತೆ ಇದ್ದಾರೆ. ಎರಡೂ ಮಂಡಿ ಸವೆದಿದೆ, ಬಲಗಡೆ ಜಾಸ್ತಿ. ಏಳು ವಾರದ ನಂತರ ಬಲ ಮಂಡಿಗೆ ಬದಲಿ ಕೀಲು ಹಾಕುವ ಆಪರೇಷನ್ ಇದೆ. ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಡಾಕ್ಟರು "ಅಷ್ಟರೊಳಗೆ ತೊಡೆಗೆ ಸ್ವಲ್ಪ ಶಕ್ತಿ ಬರಲಿ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ" ಅಂದರು. ಅಣ್ಣ ಬೇಡ ಅಂತಾನೆ. "ಸವೆದ ಮಂಡೀನ ಇನ್ನೂ ಯಾಕೆ ಸವೆಸೋದು? ಹೇಗೂ ಬದಲಾಯಿಸ್ತಾರೆ, ಆಮೇಲೆ ಮಾಡಿದರಾಯ್ತು" ಅನ್ನೋದು ಅವನ ಮಾತು. ನಮ್ಮ ಚಿಕ್ಕಮ್ಮ ಮೊದಲು ಏನೂ ಮಾಡದೆ ಆಪರೇಷನ್ ಮಾಡಿಸಿಕೊಂಡು ಈಗ ಚೆನ್ನಾಗೇ ಓಡಾಡ್ತಾರೆ. ಫಿಸಿಯೋ ಕ್ಲಿನಿಕ್‌ಗೆ ಬಸ್ಸಲ್ಲಿ ಹೋಗಬೇಕು, ದಿನಾ ಆಗಲ್ಲ. ಅಮ್ಮ ಈಗ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಹೆಚ್ಚು ಹೊತ್ತು ಮಂಚದ ಮೇಲೇ ಇರ್ತಾರೆ. ಅಕ್ಕಪಕ್ಕದವರು ಎಕ್ಕದ ಎಲೆ ಕಟ್ಟಿ, ಇಂಜೆಕ್ಷನ್ ಹಾಕಿಸಿ ಅಂತ ಹೇಳ್ತಾರೆ. ಈ ವ್ಯಾಯಾಮದಿಂದ ನಿಜವಾಗಿ ಉಪಯೋಗ ಇದೆಯಾ? ತೊಂದರೆ ಆಗಬಹುದಾ? ಮಾಡಿದ ಮೇಲೆ ನೋವು ಕಡಿಮೆಯಾದರೆ ಆಪರೇಷನ್ನೇ ಬೇಡವಾ?
(ಹೆಸರು ಬೇಡ, ಬೆಂಗಳೂರು)

ಉತ್ತರ: ನಿಮ್ಮ ಅಣ್ಣನಿಗೆ ಅಮ್ಮನ ಮೇಲಿನ ಕಾಳಜಿ ಕಡಿಮೆ ಇಲ್ಲ. ನೋವಿರುವ ಕಾಲಿಗೆ ವಿಶ್ರಾಂತಿ ಕೊಡಬೇಕು ಅನ್ನಿಸುವುದು ಸಹಜ. ಆದರೆ ಮಂಡಿ ಸವೆತದ ವಿಷಯದಲ್ಲಿ ಈ ಲೆಕ್ಕ ತಪ್ಪುತ್ತದೆ. ನಿಮ್ಮ ಡಾಕ್ಟರು ಹೇಳಿದ್ದು ಸರಿ. ಏಳು ವಾರ ಒಳ್ಳೆಯ ಅವಧಿ. ಇದನ್ನು ಮಂಚದ ಮೇಲೆ ಕಳೆಯಬೇಡಿ.

ಆಪರೇಷನ್‌ನಲ್ಲಿ ಏನು ಬದಲಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಸರ್ಜನ್ ಮೂಳೆಯ ತುದಿಗಳಲ್ಲಿ ಸವೆದ ಭಾಗವನ್ನು ತೆಗೆದು, ಅಲ್ಲಿ ಲೋಹದ ಮತ್ತು ಪ್ಲಾಸ್ಟಿಕ್ಕಿನ ಭಾಗ ಕೂರಿಸುತ್ತಾರೆ. ಕೀಲು ಹೊಸದಾಗುತ್ತದೆ. ಆ ಕೀಲನ್ನು ನಡೆಸಬೇಕಾದ ತೊಡೆಯ ಸ್ನಾಯು ಹಳೆಯದೇ. ವರ್ಷಗಟ್ಟಲೆ ನೋವಿನಿಂದ ಬಲಗಾಲಿನ ಮೇಲೆ ಭಾರ ಹಾಕದೆ, ಎಡಗಾಲಿನ ಮೇಲೆ ವಾಲಿ ನಡೆದು ಆ ಸ್ನಾಯು ಈಗಾಗಲೇ ಸೊರಗಿರುತ್ತದೆ. ಅಮ್ಮನ ಎರಡೂ ತೊಡೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಬಲ ತೊಡೆಯ ಮುಂಭಾಗ ಸ್ವಲ್ಪ ಬಡಕಲಾಗಿ ಕಂಡರೆ ಆಶ್ಚರ್ಯ ಇಲ್ಲ.

ಆಪರೇಷನ್ ಆದ ಮೇಲೆ ಆ ಸ್ನಾಯುವಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. ತಿಂಗಳ ಹೊತ್ತಿಗೆ ಅಳತೆ ಮಾಡಿದರೆ, ಮೊದಲಿದ್ದ ಶಕ್ತಿಯಲ್ಲಿ ಸುಮಾರು ಅರ್ಧ ಅಥವಾ ಅದಕ್ಕೂ ಕಡಿಮೆ ಉಳಿದಿರುವುದು ಸಾಮಾನ್ಯ. ಚರ್ಮ ಕೊಯ್ದದ್ದು, ನೋವು, ಮಲಗಿದ್ದು ಇವೆಲ್ಲ ಕಾರಣಗಳೇ. ಮುಖ್ಯ ಕಾರಣ ಬೇರೆ. ಮಂಡಿಯೊಳಗೆ ನೀರು ತುಂಬಿ ಊದಿಕೊಂಡಾಗ, ಅಲ್ಲಿನ ನರಗಳು ಬೆನ್ನುಹುರಿಗೆ ಸುದ್ದಿ ಕಳಿಸಿ ತೊಡೆಯ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ಕಡಿಮೆ ಮಾಡಿಸುತ್ತವೆ. ಆರೋಗ್ಯವಾಗಿದ್ದ ಮಂಡಿಗೆ ಸ್ವಲ್ಪ ಸಲೈನ್ ತುಂಬಿಸಿ ನೋಡಿದ ಪ್ರಯೋಗಗಳಲ್ಲೂ ಇದೇ ಆಗಿದೆ. ನೋವಿಲ್ಲದಿದ್ದರೂ ಸ್ನಾಯು ಮಂಕಾಯಿತು. ವಾರ್ಡಿನಲ್ಲಿ ಎಷ್ಟೋ ಜನ "ಕಾಲು ಎತ್ತು ಅಂದರೆ ಎತ್ತೋಕೇ ಆಗ್ತಿಲ್ಲ, ಕಾಲು ನಂದಲ್ಲ ಅನ್ನಿಸ್ತಿದೆ" ಅಂತ ಹೆದರುತ್ತಾರೆ. ಅವರು ಸೋಮಾರಿಗಳಲ್ಲ, ಹೆದರುಪುಕ್ಕರೂ ಅಲ್ಲ. ಆಜ್ಞೆ ಸ್ನಾಯುವಿಗೆ ಮುಟ್ಟುತ್ತಿಲ್ಲ, ಅಷ್ಟೆ.

ಈಗ ಲೆಕ್ಕ ಹಾಕಿ. ಶಕ್ತಿ ಅರ್ಧಕ್ಕೆ ಇಳಿಯುವುದು ಹೇಗೂ ಇದೆ. ಯಾವ ಮಟ್ಟದಿಂದ ಇಳಿಯುತ್ತದೆ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ. ಕುರ್ಚಿಯಿಂದ ಕೈ ಊರದೆ ಏಳಬಲ್ಲವರಿಗೆ ಅರ್ಧ ಶಕ್ತಿ ಹೋದರೂ, ವಾಕರ್ ಹಿಡಿದು ಬಚ್ಚಲುಮನೆಗೆ ಹೋಗಿ ಬರುವಷ್ಟು ಉಳಿದಿರುತ್ತದೆ. ಈಗಲೇ ಇಬ್ಬರು ಎತ್ತಿ ನಿಲ್ಲಿಸಬೇಕಾದವರಿಗೆ ಅರ್ಧ ಹೋದರೆ ಏನು ಉಳಿದೀತು? ಆಪರೇಷನ್‌ಗೆ ಮೊದಲು ವ್ಯಾಯಾಮ ಮಾಡಿ ಅಂತ ನಾವು ಪೀಡಿಸುವುದು ಇದಕ್ಕೇ.

ಅಣ್ಣನ ಪ್ರಶ್ನೆಗೆ ಬರುತ್ತೇನೆ. ವ್ಯಾಯಾಮದಿಂದ ಮಂಡಿ ಇನ್ನೂ ಸವೆಯುತ್ತದಾ? ಸರಿಯಾದ ಪ್ರಮಾಣದಲ್ಲಿ ಮಾಡಿದರೆ ಇಲ್ಲ. ಕೀಲಿನ ಒಳಗಿನ ನುಣುಪಾದ ಪದರ, ಕಾರ್ಟಿಲೇಜ್ ಅಂತೀವಲ್ಲ, ಅದಕ್ಕೆ ರಕ್ತನಾಳ ಇಲ್ಲ. ಅದು ಬದುಕುವುದು ಕೀಲಿನೊಳಗಿನ ದ್ರವದಿಂದ. ಒದ್ದೆ ಬಟ್ಟೆಯನ್ನು ಹಿಂಡಿ ಬಿಟ್ಟು, ಮತ್ತೆ ನೀರಲ್ಲಿ ಅದ್ದಿದ ಹಾಗೆ, ಭಾರ ಬಿದ್ದು ಭಾರ ತೆಗೆದಾಗಲೇ ಆ ದ್ರವ ಒಳಗೆ ಹೊರಗೆ ಆಡುತ್ತದೆ. ಆದ್ದರಿಂದ ಅಲುಗಾಡದೆ ಇಟ್ಟ ಕೀಲಿಗೆ ಒಳ್ಳೆಯದೇನೂ ಆಗುವುದಿಲ್ಲ. ಮಂಡಿ ಸವೆತ ಇರುವವರಿಗೆ ಮೊದಲು ಹೇಳಬೇಕಾದ ಚಿಕಿತ್ಸೆಗಳ ಸಾಲಿನಲ್ಲಿ ಜಗತ್ತಿನ ಎಲ್ಲ ಮುಖ್ಯ ವೈದ್ಯಕೀಯ ಮಾರ್ಗಸೂಚಿಗಳೂ ವ್ಯಾಯಾಮವನ್ನು ಇಟ್ಟಿರುವುದು ಸುಮ್ನೆ ಅಲ್ಲ.

ಮಲಗಿಯೇ ಇದ್ದರೆ ಆಗುವ ನಷ್ಟ ಮಾತ್ರ ಬೇಗ ಆಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಿಮ್ಮ ಅಮ್ಮನ ವಯಸ್ಸಿನ, ಆರೋಗ್ಯವಾಗಿದ್ದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಹತ್ತೇ ದಿನದಲ್ಲಿ ಎರಡು ಕಾಲಿನಿಂದ ಸೇರಿ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ನಿಮ್ಮ ಅಮ್ಮ ಪೂರ್ತಿ ಹಾಸಿಗೆ ಹಿಡಿದಿಲ್ಲ, ನಿಜ. ಆದರೆ ದಿನದ ಬಹುಪಾಲು ಮಂಚದ ಮೇಲೆ ಅಂದರೆ ಅದೇ ದಾರಿ.

ಇನ್ನು ಆ ದಿಂಬು. ಅದನ್ನು ಇವತ್ತೇ ತೆಗೆಸಿ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಏಕೆಂದರೆ ಊದಿದ ಕೀಲು ಸ್ವಲ್ಪ ಮಡಚಿದ ಸ್ಥಿತಿಯಲ್ಲಿ ಆರಾಮವಾಗಿರುತ್ತದೆ. ಆದರೆ ಗಂಟೆಗಟ್ಟಲೆ ಹಾಗೇ ಇದ್ದರೆ ಮಂಡಿಯ ಹಿಂದಿನ ಭಾಗ ಬಿಗಿದು, ಕಾಲು ಪೂರ್ತಿ ನೇರ ಆಗುವುದೇ ನಿಲ್ಲುತ್ತದೆ. ಆಪರೇಷನ್‌ಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು, ಎಷ್ಟು ನೇರವಾಗುತ್ತಿತ್ತು ಅನ್ನುವುದು ಆಮೇಲೆ ಎಷ್ಟು ಸಿಗುತ್ತದೆ ಅನ್ನುವುದರ ಮೇಲೆ ದೊಡ್ಡ ಪ್ರಭಾವ ಬೀರುತ್ತದೆ. ದಿಂಬು ಬೇಕೇ ಬೇಕು ಅಂದರೆ ಹಿಮ್ಮಡಿ ಕೆಳಗೆ ಮಡಚಿದ ಟವೆಲ್ ಇಡಲಿ. ಹಾಗೆ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ ಇದ್ದರೆ ಮಂಡಿ ತಾನಾಗೇ ನೇರ ಆಗಲು ಶುರುವಾಗುತ್ತದೆ. ಸ್ವಲ್ಪ ಎಳೆತ ಇರುತ್ತದೆ, ಅದು ಸರಿ.

ಚಿಕ್ಕಮ್ಮನ ಮಾತು. ಅವರು ಚೆನ್ನಾಗಿದ್ದಾರೆ ಅನ್ನುವುದನ್ನು ನಾನು ಪೂರ್ತಿ ನಂಬುತ್ತೇನೆ. ಮೊದಲು ಏನೂ ಮಾಡದವರೂ ಬಹಳ ಜನ ಚೆನ್ನಾಗಿ ಓಡಾಡುತ್ತಾರೆ. ಇಲ್ಲಿ ಪ್ರಾಮಾಣಿಕವಾಗಿ ಒಂದು ವಿಷಯ ಹೇಳಬೇಕು. ಮೊದಲೇ ವ್ಯಾಯಾಮ ಮಾಡಿದವರನ್ನೂ ಮಾಡದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣುವುದು ಆಪರೇಷನ್ ಹೊತ್ತಿಗೆ ಮತ್ತು ಆಮೇಲಿನ ಮೊದಲ ಕೆಲವು ವಾರಗಳಲ್ಲಿ. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪು ಹತ್ತಿರ ಹತ್ತಿರ ಬರುತ್ತವೆ. ಹಾಗಾಗಿ "ಫಿಸಿಯೋ ಮಾಡದಿದ್ದರೆ ಆಪರೇಷನ್ ಫೇಲ್ ಆಗುತ್ತೆ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ ಆ ಮೊದಲ ಆರು ವಾರ ಅಂದರೆ ಏನು ಅಂತ ಯೋಚನೆ ಮಾಡಿ. ರಾತ್ರಿ ಬಚ್ಚಲುಮನೆಗೆ ಅಮ್ಮ ಒಬ್ಬರೇ ಹೋಗಬಲ್ಲರಾ, ಅತ್ತಿಗೆ ಎಷ್ಟು ಸಲ ಏಳಬೇಕು, ಬೀಳುವ ಭಯ ಎಷ್ಟು, ಇವೆಲ್ಲ ನಿರ್ಧಾರ ಆಗುವುದು ಆಗಲೇ. ಮನೆಯವರಿಗೆ ಅದು ಸಣ್ಣ ವಿಷಯ ಅಲ್ಲ. ಇನ್ನೊಂದು ಮಾತು, ಮೊದಲೇ ಗಟ್ಟಿಯಾಗಿದ್ದವರಿಗೆ ಈ ತಯಾರಿಯಿಂದ ಸಿಗುವ ಲಾಭ ಕಡಿಮೆ, ಸೊರಗಿದವರಿಗೆ ಜಾಸ್ತಿ. ಚಿಕ್ಕಮ್ಮ ಆಗ ಮನೆಕೆಲಸ ಎಲ್ಲ ಮಾಡಿಕೊಂಡಿದ್ದರೇನೋ ಕೇಳಿ ನೋಡಿ. ನಿಮ್ಮ ಅಮ್ಮ ಮಂಚದ ಮೇಲಿದ್ದಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ.

ಅಮ್ಮ ಎಲ್ಲಿದ್ದಾರೆ ಅಂತ ತಿಳಿಯಲು ಮುಂದಿನ ಸಲ ಊರಿಗೆ ಹೋದಾಗ ಒಂದು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿ ಇಟ್ಟ, ಕೈ ಇಲ್ಲದ ಗಟ್ಟಿ ಕುರ್ಚಿ. ಅಮ್ಮ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಪೂರ್ತಿ ಎದ್ದು ನಿಂತು, ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಆಯಿತು ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 65ರಿಂದ 69ರ ಹೆಂಗಸರಲ್ಲಿ 11ಕ್ಕಿಂತ ಕಡಿಮೆ ಆದರೆ ಕಾಲಿನ ಶಕ್ತಿ ಸರಾಸರಿಗಿಂತ ಕಡಿಮೆ, ಬೀಳುವ ಅಪಾಯ ಇದೆ ಅಂತ ಲೆಕ್ಕ. ಕೈ ಊರದೆ ಒಂದು ಸಲವೂ ಆಗಲಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿಂದಲೇ ಶುರು ಮಾಡುವುದು. ಸಂಖ್ಯೆ ಬರೆದಿಟ್ಟುಕೊಳ್ಳಿ. ಎರಡು ವಾರಕ್ಕೊಮ್ಮೆ ಮತ್ತೆ ನೋಡಿ. ಆ ಸಂಖ್ಯೆ ಏರುವುದನ್ನು ಕಂಡರೆ ಅಮ್ಮನಿಗೂ ಹುರುಪು ಬರುತ್ತದೆ, ಅಣ್ಣನಿಗೂ ನಂಬಿಕೆ ಬರುತ್ತದೆ.

ಈಗ ವ್ಯಾಯಾಮ. ಬಹಳ ಜನರ ತಲೆಯಲ್ಲಿ ಫಿಸಿಯೋ ಅಂದರೆ ಕರೆಂಟ್ ಕೊಡೋದು ಮತ್ತು ಮಸಾಜ್. ಮೆಷಿನ್‌ನಿಂದ ಸ್ವಲ್ಪ ಹೊತ್ತು ನೋವು ಕಡಿಮೆಯಾಗಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ ನೋವಿಗೆ ಕೊಡುವ ಆ ಕರೆಂಟಿನಿಂದ ತೊಡೆಗೆ ಶಕ್ತಿ ಬರುವುದಿಲ್ಲ. ಏಳು ವಾರ ಬರೀ ಮೆಷಿನ್ ಹಚ್ಚಿ ಕಳಿಸುವ ಕಡೆ ನೀವು ದುಡ್ಡನ್ನೂ ಸಮಯವನ್ನೂ ಕಳೆದುಕೊಳ್ಳುತ್ತೀರಿ. ಬಿಪಿಟಿ ಅಥವಾ ಎಂಪಿಟಿ, ಅಂದರೆ ಫಿಸಿಯೋಥೆರಪಿಯಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ, ಓದಿದವರನ್ನು ಹುಡುಕಿ. ಮೊದಲ ದಿನವೇ "ಅಮ್ಮ ಮನೆಯಲ್ಲಿ ಏನೇನು ಮಾಡಬೇಕು, ಬರೆದುಕೊಡಿ" ಅಂತ ಕೇಳಿ. ಬರೆದುಕೊಡಲು ಮನಸ್ಸಿಲ್ಲದವರಿದ್ದರೆ ಬೇರೆ ಕಡೆ ನೋಡುವುದೇ ಒಳ್ಳೆಯದು.

ನಾನು ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು ಕಾಲು ಚಾಚಿ ಮಲಗಿ, ತೊಡೆಯ ಮುಂಭಾಗವನ್ನು ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತುವುದನ್ನು. ಐದಾರು ಸೆಕೆಂಡ್ ಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ನೋಡೋಕೆ ಏನೂ ಇಲ್ಲದ ವ್ಯಾಯಾಮ. ಆದರೆ ಆಪರೇಷನ್ ಆದ ದಿನ ಮೊದಲು ಮಾಡಬೇಕಾದದ್ದು ಇದೇ. ಆಗ ನೋವಿನಲ್ಲಿ, ಅರೆ ಮಂಪರಿನಲ್ಲಿ ಹೊಸದಾಗಿ ಕಲಿಯುವುದಕ್ಕಿಂತ ಈಗಲೇ ಕಲಿತಿದ್ದರೆ ಕಾಲಿಗೆ ಗೊತ್ತಿರುತ್ತದೆ. ಆಮೇಲೆ ಎಡ ಮಂಡಿ ಮಡಚಿಟ್ಟು, ಬಲಗಾಲನ್ನು ನೇರವಾಗಿಯೇ ಒಂದು ಅಡಿ ಎತ್ತಿ ನಿಧಾನ ಇಳಿಸುವುದು. ಎತ್ತುವಾಗ ಮಂಡಿ ಮಡಚಿಕೊಂಡರೆ ಅದು ಇನ್ನೂ ಸಿದ್ಧ ಇಲ್ಲ ಅಂತ ಅರ್ಥ, ಒತ್ತುವ ವ್ಯಾಯಾಮವನ್ನೇ ಇನ್ನೊಂದು ವಾರ ಮಾಡಿಸಿ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಚುವುದು ಮೂರನೆಯದು.

ನಿಜವಾದ ಶಕ್ತಿ ಬರುವುದು ಕುರ್ಚಿಯಿಂದ ಏಳುವುದರಲ್ಲಿ. ಇದು ನನಗೆ ಬಹಳ ಇಷ್ಟದ ವ್ಯಾಯಾಮ. ಸಾಧನ ಬೇಡ, ದುಡ್ಡು ಬೇಡ, ದಿನನಿತ್ಯದ ಕೆಲಸವೇ ಅದು. ಕಷ್ಟ ಆದರೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ. ಎಂಟು ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಮ್ಮೆ. ಸುಲಭ ಅನ್ನಿಸಿದಾಗ ಒಂದು ದಿಂಬು ತೆಗೆಯಿರಿ. ಇದನ್ನು ದಿನ ಬಿಟ್ಟು ದಿನ ಮಾಡಿದರೆ ಸಾಕು, ಸ್ನಾಯುವಿಗೂ ಬಿಡುವು ಬೇಕು. ಮೊದಲ ಮೂರು ನಾಲ್ಕು ವಾರದಲ್ಲಿ ಹೆಚ್ಚುವ ಶಕ್ತಿಯಲ್ಲಿ ದೊಡ್ಡ ಪಾಲು ಸ್ನಾಯು ದಪ್ಪ ಆಗಿದ್ದರಿಂದ ಬಂದದ್ದಲ್ಲ, ನರಗಳು ಆಜ್ಞೆ ಕಳಿಸುವುದನ್ನು ಚೆನ್ನಾಗಿ ಕಲಿತದ್ದರಿಂದ ಬಂದದ್ದು. ಅದಕ್ಕೇ ಏಳು ವಾರ ಕಡಿಮೆಯಾಯಿತು ಅಂತ ಕೈಬಿಡಬಾರದು. ಎರಡೇ ವಾರ ಇದ್ದರೂ ನಾನು ಶುರು ಮಾಡಿ ಅನ್ನುತ್ತೇನೆ. ಮಾಡುವಾಗ ಉಸಿರು ಕಟ್ಟಬಾರದು, ಬಿಪಿ ಏರುತ್ತದೆ. ಜೋರಾಗಿ ಒಂದು ಎರಡು ಎಣಿಸಿದರೆ ಉಸಿರು ತಾನಾಗೇ ಆಡುತ್ತದೆ.

ಎಡಗಾಲನ್ನು ಮರೆಯಬೇಡಿ. ಆಪರೇಷನ್ ಆದ ಮೇಲೆ ಕೆಲವು ವಾರ ಆ ಕಾಲೇ ಹೆಚ್ಚು ಭಾರ ಹೊರಬೇಕು, ಅದೂ ಸವೆದದ್ದೇ. ಮುಂಜಾಗ್ರತೆ ಅನ್ನುವುದಕ್ಕೆ ನಿಜವಾದ ಅರ್ಥ ಬರುವುದು ಎಡ ಮಂಡಿಯಲ್ಲಿ. ಅದನ್ನು ಈಗಿನಿಂದ ಗಟ್ಟಿ ಮಾಡಿದರೆ, ಆ ಮಂಡಿಯ ಆಪರೇಷನ್ ಮುಂದೆ ಹೋಗುವ ಅವಕಾಶ ಇದೆ.

ನೋವಿನ ಬಗ್ಗೆ ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ವ್ಯಾಯಾಮದ ಹೊತ್ತಿನಲ್ಲಿ ಐದರವರೆಗೆ ಹೋದರೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯಲಿಲ್ಲ, ಅಥವಾ ಮಂಡಿ ಊತ ಹೆಚ್ಚಾಯಿತು ಅಂದರೆ ಪ್ರಮಾಣ ಅರ್ಧ ಮಾಡಿ. ನಿಲ್ಲಿಸಬೇಡಿ, ಕಡಿಮೆ ಮಾಡಿ. ಜನ ಇಲ್ಲೇ ಎಡವುವುದು. ಒಂದು ದಿನ ನೋವು ಜಾಸ್ತಿಯಾದರೆ ಹದಿನೈದು ದಿನ ಬಿಟ್ಟುಬಿಡುತ್ತಾರೆ.

ಅಪಾಯಗಳೂ ಇವೆ. ಅತಿಯಾಗಿ ಮಾಡಿದರೆ ಊತ ಬರುತ್ತದೆ. ಒಬ್ಬರೇ ನಿಂತು ಮಾಡುವಾಗ ಬೀಳಬಹುದು, ಆದ್ದರಿಂದ ನಿಂತು ಮಾಡುವುದನ್ನೆಲ್ಲ ಅಡುಗೆಮನೆ ಕಟ್ಟೆ ಹಿಡಿದೇ ಮಾಡಲಿ. ಶುಗರ್ ಇರುವುದರಿಂದ ಖಾಲಿ ಹೊಟ್ಟೆಯಲ್ಲಿ ಬೇಡ. ಕೆಲವು ಶುಗರ್ ಮಾತ್ರೆಗಳ ಜೊತೆ ವ್ಯಾಯಾಮ ಸೇರಿದಾಗ ಸಕ್ಕರೆ ದಿಢೀರ್ ಇಳಿಯುತ್ತದೆ. ಬೆವರು, ನಡುಕ, ತಲೆಸುತ್ತು ಬಂದರೆ ಕೂಡಲೇ ಸಕ್ಕರೆ ನೀರು ಕೊಡಿ, ಆ ಮೇಲೆ ಡಾಕ್ಟರಿಗೆ ತಿಳಿಸಿ. ಪಾದಗಳಲ್ಲಿ ಜೋಮು ಇದ್ದರೆ ಬರಿಗಾಲಲ್ಲಿ ನಿಲ್ಲಿಸಬೇಡಿ. ಎದೆ ನೋವು, ಹಿಂದೆ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರ ಒಪ್ಪಿಗೆ ಬೇಕು. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.

ಅಕ್ಕಪಕ್ಕದವರು ಹೇಳಿದ ಎರಡು ವಿಷಯದಲ್ಲಿ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಎಕ್ಕದ ಎಲೆ ಕಾಯಿಸಿ ಕಟ್ಟುವುದು ನಮ್ಮ ಕಡೆ ಹಳೆಯ ರೂಢಿ. ಆದರೆ ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಗುಳ್ಳೆ ಎಬ್ಬಿಸುತ್ತದೆ. ಶುಗರ್ ಇರುವವರಲ್ಲಿ ಆ ಗಾಯ ಬೇಗ ಮಾಯುವುದಿಲ್ಲ. ಮಂಡಿಯ ಮೇಲೆ ಸಣ್ಣ ಗಾಯ ಇದ್ದರೂ ಸೋಂಕಿನ ಭಯಕ್ಕೆ ಸರ್ಜನ್ ಆಪರೇಷನ್ ಮುಂದೂಡುತ್ತಾರೆ. ಬಿಸಿನೀರಿನ ಚೀಲದ ಶಾಖ ಸಾಕು, ಅದೂ ಮಧ್ಯೆ ದಪ್ಪ ಬಟ್ಟೆ ಹಾಕಿ. ಎರಡನೆಯದು ಇಂಜೆಕ್ಷನ್. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ ಮೂರು ತಿಂಗಳೊಳಗೆ ಬದಲಿ ಕೀಲು ಹಾಕಿದರೆ ಸೋಂಕಿನ ಅಪಾಯ ಹೆಚ್ಚು. ಬದಲಿ ಕೀಲಿಗೆ ಸೋಂಕು ತಗುಲಿದರೆ ಅದನ್ನು ತೆಗೆದು ಮತ್ತೆ ಹಾಕಬೇಕಾದ ಪರಿಸ್ಥಿತಿಯೂ ಬರಬಹುದು. ಏಳು ವಾರದಲ್ಲಿ ಆಪರೇಷನ್ ಇರುವಾಗ, ಯಾರು ಏನೇ ಹೇಳಲಿ, ನಿಮ್ಮ ಸರ್ಜನ್‌ಗೆ ಕೇಳದೆ ಮಂಡಿಗೆ ಯಾವ ಇಂಜೆಕ್ಷನ್ನೂ ಬೇಡ. ಈಗಾಗಲೇ ಹಾಕಿಸಿದ್ದರೆ ತಾರೀಖು ಸಮೇತ ಅವರಿಗೆ ತಿಳಿಸಿ.

ನೀವು ಕೇಳಿದ ಕೊನೆಯ ಪ್ರಶ್ನೆ ಒಳ್ಳೆಯದು: ನೋವು ಕಡಿಮೆಯಾದರೆ ಆಪರೇಷನ್ ಬಿಡಬಹುದಾ? ಡೆನ್ಮಾರ್ಕ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ತಕ್ಕುದಾಗಿದೆ. ಮಂಡಿ ಬದಲಾವಣೆಗೆ ಅರ್ಹರು ಅಂತ ಡಾಕ್ಟರೇ ಹೇಳಿದ್ದ 100 ಜನರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ಮಾಡಿ, ಆಮೇಲೆ 12 ವಾರ ವ್ಯಾಯಾಮ, ಆಹಾರ ಸಲಹೆ, ಮಾತ್ರೆ ಕೊಟ್ಟರು. ಉಳಿದವರಿಗೆ ಆಪರೇಷನ್ ಇಲ್ಲದೆ ಅದೇ 12 ವಾರದ ಚಿಕಿತ್ಸೆ. ವರ್ಷದೊಳಗೆ ಎರಡನೇ ಗುಂಪಿನಲ್ಲಿ ಸುಮಾರು ಕಾಲು ಭಾಗ ಜನ ಮಾತ್ರ ಆಪರೇಷನ್‌ಗೆ ಹೋದರು. ಉಳಿದವರು ಅದಿಲ್ಲದೆಯೇ ನಿಭಾಯಿಸಿದರು. ಆದರೆ ನೋವು ಹೆಚ್ಚು ಇಳಿದದ್ದು ಆಪರೇಷನ್ ಆದವರಲ್ಲೇ. ಗಂಭೀರ ತೊಡಕುಗಳು ಹೆಚ್ಚು ಕಂಡದ್ದೂ ಅವರಲ್ಲೇ. ಎರಡೂ ದಾರಿಗೂ ಬೆಲೆ ಇದೆ.

ಹಾಗಾಗಿ ನನ್ನ ಸಲಹೆ ಇದು. ದಿನಾಂಕ ಈಗಲೇ ರದ್ದು ಮಾಡಬೇಡಿ. ಐದನೇ ವಾರದಲ್ಲಿ ನೋಡಿ. ರಾತ್ರಿ ನೋವಿನಿಂದ ಎಚ್ಚರ ಆಗುವುದು ನಿಂತಿದ್ದರೆ, ಮನೆಯೊಳಗೆ ಆರಾಮವಾಗಿ ಓಡಾಡುತ್ತಿದ್ದರೆ, ಅಮ್ಮನಿಗೇ ಇನ್ನು ಸ್ವಲ್ಪ ದಿನ ನೋಡೋಣ ಅನ್ನಿಸಿದರೆ ಸರ್ಜನ್ ಹತ್ತಿರ ಮಾತಾಡಿ ಮುಂದೂಡುವುದರಲ್ಲಿ ತಪ್ಪಿಲ್ಲ. ಆದರೆ ಕಾಲು ಸೊಟ್ಟಗಾಗುತ್ತಿದ್ದರೆ, ಮಂಡಿ ದಿನೇ ದಿನೇ ಬಿಗಿಯುತ್ತಿದ್ದರೆ, ನೋವಿನ ಮಾತ್ರೆ ಇಲ್ಲದೆ ದಿನ ಕಳೆಯದಿದ್ದರೆ ಮುಂದೂಡಿ ಉಪಯೋಗ ಇಲ್ಲ. ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವುದು ಶುಗರ್ ಇರುವವರ ಕಿಡ್ನಿಗೆ ಒಳ್ಳೆಯದಲ್ಲ. ಈ ತೀರ್ಮಾನದಲ್ಲಿ ಅಮ್ಮನ ಮಾತು ಮೊದಲು ಬರಲಿ. ಮಕ್ಕಳು ಇಬ್ಬರೂ ವಾದ ಮಾಡುತ್ತಾ ಅವರನ್ನೇ ಕೇಳುವುದನ್ನು ಮರೆತ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಈ ತಯಾರಿ ಮಂಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಹೋಗುವವರಿಗೆ ಮೊದಲೇ ಒಂದೇ ಒಂದು ಸಲ, ಅರ್ಧ ಗಂಟೆ, ಫಿಸಿಯೋಥೆರಪಿಸ್ಟ್ ಕೂತು ದೀರ್ಘ ಉಸಿರಾಟದ ವ್ಯಾಯಾಮ ಕಲಿಸಿದ್ದರಿಂದ ಆಮೇಲೆ ಬರುವ ಶ್ವಾಸಕೋಶದ ತೊಂದರೆಗಳು ಸುಮಾರು ಅರ್ಧದಷ್ಟು ಕಡಿಮೆಯಾದದ್ದನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಆಸ್ಪತ್ರೆಗಳು 2018ರಲ್ಲಿ ವರದಿ ಮಾಡಿವೆ. ಅರ್ಧ ಗಂಟೆಗೆ ಇಷ್ಟು ಫಲ! ನಮ್ಮಲ್ಲಿ ಇನ್ನೂ ಬಹುತೇಕ ಕಡೆ ಫಿಸಿಯೋನ ಮುಖ ಕಾಣುವುದು ಆಪರೇಷನ್ ಆದ ಮೇಲೆ. ಇದು ಬದಲಾಗಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಊಟದ ವಿಷಯ. ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಈ ವಯಸ್ಸಿನವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಅಂತ ಲೆಕ್ಕ. 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ಮುದ್ದೆ ತಿಳಿಸಾರಿನಲ್ಲಿ ಅಷ್ಟು ಸಿಗುವುದಿಲ್ಲ. ಮುದ್ದೆ ಇರಲಿ, ಜೊತೆಗೆ ಹುರುಳಿ, ಹೆಸರುಕಾಳು, ಅವರೆ ಯಾವುದಾದರೂ ಗಟ್ಟಿಯಾಗಿರಲಿ. ಮೊಸರು ಇರಲಿ. ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆಗೆ ಸುಮಾರು 6 ಗ್ರಾಂ ಸಿಗುತ್ತದೆ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರಿಗೆ ಕೇಳದೆ ಹೆಚ್ಚಿಸಬೇಡಿ. ತೂಕ ಜಾಸ್ತಿ ಇದ್ದರೆ, ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಆದರೆ ಈ ಏಳು ವಾರದಲ್ಲಿ ಉಪವಾಸ ಬಿದ್ದು ಇಳಿಸುವುದು ಬೇಡ, ಸ್ನಾಯುವೇ ಕರಗುತ್ತದೆ. ಮೂರು ತಿಂಗಳ ಸಕ್ಕರೆ ಸರಾಸರಿ, ರಕ್ತಹೀನತೆ ಇವನ್ನು ಈಗಲೇ ಪರೀಕ್ಷೆ ಮಾಡಿಸಿ. ಕೊನೆ ವಾರದಲ್ಲಿ ಗೊತ್ತಾದರೆ ಸರಿಪಡಿಸಲು ಸಮಯ ಇರುವುದಿಲ್ಲ.

ಮನೆಯನ್ನೂ ಸಿದ್ಧ ಮಾಡಿ. ಬದಲಿ ಮಂಡಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚುತ್ತದೆ. ಕುರ್ಚಿಗೆ, ಮೆಟ್ಟಿಲಿಗೆ ಅದು ಸಾಕು. ಕುಕ್ಕರಗಾಲಲ್ಲಿ ಕೂರಲು, ನೆಲದ ಶೌಚಾಲಯಕ್ಕೆ ಸಾಲದು, ಹೆಚ್ಚಿನ ಸರ್ಜನ್‌ಗಳು ಅದನ್ನು ಬೇಡ ಅನ್ನುತ್ತಾರೆ. ನೆಲದ ಶೌಚಾಲಯ ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ, ಈಗಲೇ ತಂದು ಅಭ್ಯಾಸ ಮಾಡಿಸಿ. ಪೂಜೆಗೆ, ಊಟಕ್ಕೆ ನೆಲದಲ್ಲಿ ಕೂರುವ ರೂಢಿ ಇದ್ದರೆ ಅದೂ ಕುರ್ಚಿಗೆ ಬರಲಿ. ಮಂಚ ತೀರಾ ತಗ್ಗಿದ್ದರೆ ಕಾಲುಗಳ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ಎತ್ತರಿಸಿ. ಜಾರುವ ಕಾಲೊರೆಸು, ಓಡಾಡುವ ದಾರಿಯಲ್ಲಿ ಬಿದ್ದ ವೈರು, ಬಚ್ಚಲುಮನೆಯ ಪಾಚಿ ಇವೆಲ್ಲ ಅಣ್ಣನ ಕೆಲಸ.

ವಾಕರ್ ಕೂಡ ಮೊದಲೇ ತನ್ನಿ. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ದಿನಕ್ಕೆ ಐದು ನಿಮಿಷ ಮನೆಯೊಳಗೆ ಓಡಾಡಲಿ. ಹೊಸಿಲು ದಾಟುವುದನ್ನೂ ಅಭ್ಯಾಸ ಮಾಡಲಿ. ಹಳೆ ಮನೆಗಳ ಎತ್ತರದ ಹೊಸಿಲು ಆಪರೇಷನ್ ಆದವರಿಗೆ ದೊಡ್ಡ ತಲೆನೋವು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಅಮ್ಮನಿಗೆ ಬಾಯಿಪಾಠ ಮಾಡಿಸಿ.

ಇನ್ನು ಬಸ್ಸಿನ ಚಿಂತೆ. ದಿನಾ ಹೋಗಬೇಕಾಗಿಲ್ಲ. ಏನೂ ಮಾಡದೆ ಇರುವುದು ಮತ್ತು ದಿನಾ ಕ್ಲಿನಿಕ್‌ಗೆ ಓಡಾಡುವುದು ಇವೆರಡರ ನಡುವೆ ಒಳ್ಳೆಯ ದಾರಿ ಇದೆ. ಮೊದಲ ವಾರ ಎರಡು ಸಲ ಹೋಗಿ ಸರಿಯಾಗಿ ಕಲಿಯಲಿ. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಹೋಗಿ ಮುಂದಿನ ಹಂತ ಕೇಳಿಕೊಂಡು ಬರಲಿ. ಉಳಿದದ್ದು ಮನೆಯಲ್ಲಿ. ಬರೀ ಮೊಬೈಲ್ ವೀಡಿಯೋ ನೋಡಿ ಶುರು ಮಾಡಿಸುವುದು ನನಗೆ ಒಪ್ಪಿಗೆ ಇಲ್ಲ, ಏಕೆಂದರೆ ಆ ವೀಡಿಯೋ ಮಾಡಿದವರು ಅಮ್ಮನ ಮಂಡಿ ನೋಡಿಲ್ಲ. ಒಮ್ಮೆ ಕಲಿತ ಮೇಲೆ, ಅಮ್ಮ ಮಾಡುವುದನ್ನು ಅತ್ತಿಗೆ ಮೊಬೈಲ್‌ನಲ್ಲಿ ಹಿಡಿದು ಫಿಸಿಯೋಗೆ ಕಳಿಸಿದರೆ ತಪ್ಪು ತಿದ್ದಲು ಅಷ್ಟು ಸಾಕು.

ಮೊದಲ ಸಲ ಹೋಗುವಾಗ ಎಕ್ಸ್‌ರೇ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ, ಇತ್ತೀಚಿನ ಶುಗರ್ ವರದಿ, ಅಮ್ಮ ದಿನಾ ಹಾಕುವ ಚಪ್ಪಲಿ, ಮಂಚದ ಮತ್ತು ಹೊಸಿಲಿನ ಎತ್ತರದ ಅಳತೆ ತಗೊಂಡು ಹೋಗಿ. ಸಾಧ್ಯವಾದರೆ ಅಣ್ಣನನ್ನೂ ಕರೆದುಕೊಂಡು ಹೋಗಿ. ಅವನ ಪ್ರಶ್ನೆಗಳನ್ನು ಅಲ್ಲೇ, ಅಮ್ಮನ ಎದುರಿಗೇ ಕೇಳಲಿ.